ಟೆರೇಸ್ ಮೇಲೆ ರೂಮು ಹಾಕ್ತೀರಾ? ಮೊದ್ಲು ಪಿಲ್ಲರ್ ಕಂಬಿ ನೋಡಿ

ಬೆಂಗಳೂರಲ್ಲಿ ಮನೆ ಕಟ್ಟಿದವರು ಮುಂದೆ ಇನ್ನೊಂದು ಫ್ಲೋರ್ ಎಬ್ಬಿಸಬಹುದು ಅಂತ ಟೆರೇಸಲ್ಲಿ ಪಿಲ್ಲರ್ ಕಂಬಿ ಹಂಗೇ ಬಿಟ್ಟಿರ್ತಾರೆ. ಅದು ವರ್ಷಗಟ್ಲೆ ಮಳೇಲಿ ನೆಂದು, ಬಟ್ಟೆ ಹಗ್ಗ ಕಟ್ಟಿಸ್ಕೊಂಡು, ತುಕ್ಕು ಹಿಡಿದು ನಿಂತಿರತ್ತೆ, ಒಂದಿನ ಮೇಸ್ತ್ರಿ ಬಂದು ಅದಕ್ಕೇ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದುಬಿಡ್ತಾನೆ. ಕೆಲಸ ಕೆಡೋದೇ ಅಲ್ಲಿ.

ಹಂತ 1, ಕಾಗದದ ಲೆಕ್ಕ. 30x40 ಸೈಟು ಅಂದ್ರೆ 1200 ಚದರಡಿ. ನಿಮ್ಮ ಜಾಗಕ್ಕೆ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಬಹುದು ಅನ್ನೋ ಮಿತಿ) 1.75 ಇದ್ರೆ ಒಟ್ಟು ಕಟ್ಬಹುದಾದದ್ದು 2100, ಈಗಿರೋ ಎರಡು ಫ್ಲೋರ್ ಸೇರಿ 1800 ಆಗಿದ್ರೆ ಉಳಿಯೋದು ಬರೀ 300, ಒಂದು ರೂಮು ಒಂದು ಬಾತ್‌ರೂಮು ಅಷ್ಟೇ. ಪ್ಲಾನ್ ಹೊಸದಾಗಿ ಸ್ಯಾಂಕ್ಷನ್ ಮಾಡಿಸ್ಬೇಕು. "ಶೀಟ್ ಹಾಕಿದ್ರೆ ಪರ್ಮಿಷನ್ ಬೇಡ ಸಾರ್" ಅನ್ನೋ ಮೇಸ್ತ್ರಿ ಮಾತು ಕೇಳ್ಬೇಡಿ, ನೋಟಿಸ್ ಬರೋದು ನಿಮ್ಮ ಹೆಸರಿಗೆ.

ಹಂತ 2, ಪಾಯ ಹೊಸ ಭಾರ ಹೊರತ್ತಾ ಅನ್ನೋದು. ಹಳೇ ಸ್ಟ್ರಕ್ಚರಲ್ ಡ್ರಾಯಿಂಗ್ ಹುಡುಕಿ ಇಂಜಿನಿಯರ್‌ಗೆ ಕೊಡಿ. ಇಲ್ಲ ಅಂದ್ರೆ ಒಂದು ಪಿಲ್ಲರ್ ಪಕ್ಕ ಅಗೆಸಿ ಫೂಟಿಂಗ್ (ಪಿಲ್ಲರ್ ಬುಡದ ಕಾಂಕ್ರೀಟ್ ತಳ) ಎಷ್ಟು ಅಗಲ ಇದೆ ಅಂತ ನೋಡಿಸಿ.

ಹಂತ 3, ಹಳೇ ಪಿಲ್ಲರ್‌ಗೆ ಹೊಸದು ಸೇರಿಸೋದು. ಇಲ್ಲಿ ನೀವೇ ಮುಂದೆ ನಿಂತ್ಕೊಳ್ಳಿ. ಮೊದ್ಲು ಪಿಲ್ಲರ್ ಜಾಗದಲ್ಲಿ ಟೆರೇಸ್ ಗಾರೆ ಪೂರ್ತಿ ಒಡೆಸಿ, ಕೆಳಗಿನ ಕಾಂಕ್ರೀಟನ್ನ ಜಲ್ಲಿ ಕಾಣೋವರೆಗೂ ಚಿಪ್ಪಿಂಗ್ ಮಾಡಿಸಿ ತೊಳೆಸಿ, ಇಲ್ಲಾಂದ್ರೆ ಹೊಸ ಪಿಲ್ಲರ್ ಗಾರೆ ಮೇಲೆ ಕೂತಿರತ್ತೆ. ಕಂಬೀನ ವೈರ್ ಬ್ರಷ್ಷಲ್ಲಿ ಉಜ್ಜಿಸಿ, ಉದುರೋ ತುಕ್ಕೆಲ್ಲ ಹೋಗ್ಬೇಕು, ಉಜ್ಜಿದ್ಮೇಲೆ ಕಂಬಿ ಸಣ್ಣ ಆಗಿ ಕಂಡ್ರೆ ಇಂಜಿನಿಯರ್‌ನ ಕರೀರಿ. ರೆಡ್ ಆಕ್ಸೈಡ್ ಮಾತ್ರ ಬಳಿಸ್ಬೇಡಿ, ಅಂಗಡಿಯವರು ಒಳ್ಳೇದು ಅಂತ ಕೊಟ್ರೂ ಬೇಡ, ಪೇಂಟ್ ಬಳಿದ ಕಂಬೀನ ಕಾಂಕ್ರೀಟ್ ಗಟ್ಟಿಯಾಗಿ ಹಿಡಿಯಲ್ಲ.

ಇನ್ನು ಲ್ಯಾಪ್, ಅಂದ್ರೆ ಹಳೇ ಕಂಬಿ ಪಕ್ಕಕ್ಕೆ ಹೊಸ ಕಂಬಿ ಎಷ್ಟುದ್ದ ಸೇರಿಸಿ ಕಟ್ಬೇಕು ಅನ್ನೋದು. ಸೈಟಲ್ಲಿ ಕಂಬಿ ದಪ್ಪದ 50 ಪಟ್ಟು ಅಂತ ಲೆಕ್ಕ ಹಿಡೀತಾರೆ, 12 ಎಂಎಂ ಕಂಬಿಗೆ 600 ಎಂಎಂ, ಅಂದ್ರೆ 2 ಅಡಿ, 16 ಎಂಎಂಗೆ 800. ಹೆಚ್ಚಿನ ಮನೆಗಳಲ್ಲಿ ಹೊರಗೆ ಉಳಿದಿರೋದು ಒಂದಡಿ, ಅದೂ ಬಗ್ಗಿಸಿಟ್ಟಿರ್ತಾರೆ. ಸಾಲದೇ ಇದ್ರೆ ವೆಲ್ಡಿಂಗ್ ಹೊಡೀತೀನಿ ಅಂತಾರೆ, ಒಪ್ಕೋಬೇಡಿ, ಟಿಎಂಟಿ ಕಂಬಿಗೆ (ಈಗ ಮನೆಗಳಿಗೆ ಹಾಕೋ ಮಾಮೂಲಿ ಕಂಬಿ) ಶಕ್ತಿ ಕೊಡೋದೇ ಅದರ ಹೊರಗಿನ ಗಟ್ಟಿ ಪದರ, ಬಿಸಿಗೆ ಅದೇ ಮೆತ್ತಗಾಗತ್ತೆ. ಅದ್ರ ಬದ್ಲು ಇಂಜಿನಿಯರ್ ಹೇಳಿದ ಆಳಕ್ಕೆ ಹಳೇ ಕಾಂಕ್ರೀಟಲ್ಲಿ ತೂತು ಕೊರೆಸಿ ಕಂಬಿ ಅಂಟಿಸೋ ಕೆಮಿಕಲ್ ಹಾಕಿ ಕಂಬಿ ಕೂರಿಸಿ, ಆದ್ರೆ ತೂತಿನ ಧೂಳನ್ನ ಬ್ರಷ್ ಹಾಕಿ, ಗಾಳಿ ಊದಿ ತೆಗೀಲಿಲ್ಲ ಅಂದ್ರೆ ಎಂಥಾ ದುಬಾರಿ ಕೆಮಿಕಲ್ಲೂ ಧೂಳಿಗೇ ಅಂಟ್ಕೊಂಡಿರತ್ತೆ. ಲ್ಯಾಪ್ ಇರೋ ಕಡೆ ರಿಂಗು (ಕಂಬಿಗಳ ಸುತ್ತ ಕಟ್ಟೋ ಬಳೆ) 4 ಇಂಚಿಗೊಂದು ಬರ್ಲಿ, ಎಲ್ಲಾ ಕಂಬಿಗೂ ಒಂದೇ ಮಟ್ಟದಲ್ಲಿ ಲ್ಯಾಪ್ ಬೇಡ, ಕವರ್, ಅಂದ್ರೆ ಕಂಬಿ ಹೊರಗಿನ ಕಾಂಕ್ರೀಟ್ ದಪ್ಪ, 40 ಎಂಎಂ ಇರ್ಲಿ.

ಹಂತ 4, ಗೋಡೆ. ಎಎಸಿ ಬ್ಲಾಕೇ (ಒಳಗೆ ಗಾಳಿ ಗುಳ್ಳೆ ತುಂಬಿರೋ ಬ್ಲಾಕು) ಹಾಕಿ, ಸಾಲಿಡ್ ಸಿಮೆಂಟ್ ಬ್ಲಾಕಿಗಿಂತ ಎಷ್ಟೋ ಹಗುರ. ಗೋಡೆ ಕೆಳಗಿನ ಬೀಮ್ ಮೇಲೇ ಬರ್ಬೇಕು, ಬರೀ ಸ್ಲ್ಯಾಬ್ ಮೇಲಲ್ಲ.

ಹಂತ 5, ಮೋಲ್ಡ್, ಅಂದ್ರೆ ಮೇಲಿನ ಸ್ಲ್ಯಾಬ್ ಹಾಕೋದು. ಸೆಂಟ್ರಿಂಗು, ಕಂಬಿ, ವೈಬ್ರೇಟರ್, ಇದು ಎಲ್ಲಾ ಮೇಸ್ತ್ರಿಗೂ ಗೊತ್ತು. ಮರೆಯೋದು ಕ್ಯೂರಿಂಗ್, ಅಂದ್ರೆ ಕಾಂಕ್ರೀಟ್ ಗಟ್ಟಿಯಾಗೋಕೆ ಅದನ್ನ ಒದ್ದೆಯಾಗಿಡೋದು. ಹಾರುಬೂದಿ ಬೆರೆಸಿರೋ ಪಿಪಿಸಿ ಸಿಮೆಂಟಾದ್ರೆ ಕಮ್ಮಿ ಅಂದ್ರೂ 10 ದಿನ, ಪಿಲ್ಲರ್‌ಗೆ ಗೋಣಿಚೀಲ ಸುತ್ತಿ ಒದ್ದೆಯಾಗಿಡಿ, ಬೆಳಿಗ್ಗೆ ಒಂದ್ಸಲ ಪೈಪ್ ಹಿಡಿದು ಹೋದ್ರೆ ಸಾಲಲ್ಲ.

ಮುಗಿದ್ಮೇಲೆ ಮುಂದಿನ ಪ್ರಾಪರ್ಟಿ ಟ್ಯಾಕ್ಸ್ ಕಟ್ಟುವಾಗ ಹೆಚ್ಚಾದ ಚದರಡಿ ತೋರ್ಸಿ.