ಕೊಡಗಿನ ಹಿರಿಯರ ನಾಳಿನ ಚಿಕಿತ್ಸೆಯ ಅಗತ್ಯವನ್ನು ಅಂದಾಜಿಸುವ ಬಗೆ

ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561 ಇತ್ತು, 2011ರಲ್ಲಿ 5,54,519 ಆಯಿತು. ಹತ್ತು ವರ್ಷಕ್ಕೆ ಶೇ. 1ರಷ್ಟು ಮಾತ್ರ ಬೆಳೆದ ಜಿಲ್ಲೆಯಲ್ಲಿ ಒಟ್ಟು ಸಂಖ್ಯೆಯನ್ನು ನಂಬಿ ಹಾಸಿಗೆ, ಔಷಧಿಗಳ ಲೆಕ್ಕ ಹಾಕಿದರೆ ಏನೂ ಬದಲಾಗದೆಂದೇ ತೋರುತ್ತದೆ. ಹಾಗಾಗಿ ಮೊದಲು ಜನರನ್ನು ಐದೈದು ವರ್ಷದ ವಯೋಗುಂಪುಗಳಾಗಿ, ಗಂಡು ಹೆಣ್ಣೆಂದು ಬೇರ್ಪಡಿಸಿ, ಮರಣ ಪ್ರಮಾಣವನ್ನು ಕಳೆದು ಪ್ರತಿ ಗುಂಪನ್ನೂ ಮುಂದಿನ ವಯಸ್ಸಿಗೆ ಸಾಗಿಸಬೇಕು. ಬೆಂಗಳೂರಿಗೆ ಹೊರಡುವ ಯುವಕರು, ನಿವೃತ್ತರಾಗಿ ಊರಿಗೆ ಮರಳುವವರು, ತೋಟದ ಲೈನ್ ಮನೆಗಳಿಗೆ ಬರುವ ಕಾರ್ಮಿಕರು, ಈ ಮೂವರನ್ನು ಒಂದೇ ವಲಸೆ ಅಂಕಿಗೆ ಸೇರಿಸಬಾರದು. ಸಂಖ್ಯೆಯಲ್ಲಿ ಸರಿದೂಗಿದರೂ ವಯಸ್ಸಿನಲ್ಲಿ ಸರಿದೂಗುವುದಿಲ್ಲ.

ಮುಂದೆ ಪ್ರತಿ ಗುಂಪನ್ನು ಆರೋಗ್ಯವಂತರು, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವವರು, ದಿನಚರಿಗೆ ಇನ್ನೊಬ್ಬರ ನೆರವು ಬೇಕಾದವರು ಎಂದು ವಿಂಗಡಿಸಿ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ವಾರ್ಷಿಕ ಸಂಭವನೀಯತೆಯನ್ನು ಕೊಡಬೇಕು. ಇಲ್ಲಿ ಎಡವುವವರೇ ಹೆಚ್ಚು. ಐದು ವರ್ಷದಲ್ಲಿ ನೂರಕ್ಕೆ 20 ಮಂದಿಗೆ ಕಾಯಿಲೆ ಬರುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ. 4 ಎಂದು ಭಾಗಿಸುವಂತಿಲ್ಲ, ಏಕೆಂದರೆ ವರ್ಷವರ್ಷಕ್ಕೂ ಕಾಯಿಲೆ ಬಾರದೆ ಉಳಿದವರು ಕಡಿಮೆಯಾಗುತ್ತಾರೆ. ಕಾಯಿಲೆ ಬಾರದೆ ಉಳಿದವರ ಪಾಲಾದ 0.8ರ ಐದನೆಯ ಮೂಲವನ್ನು (ಐದು ಬಾರಿ ತನ್ನನ್ನೇ ಗುಣಿಸಿದರೆ 0.8 ಆಗುವ ಸಂಖ್ಯೆಯನ್ನು) 1ರಿಂದ ಕಳೆಯಬೇಕು, ಆಗ ಸುಮಾರು ಶೇ. 4.4 ಬರುತ್ತದೆ. ಕಾಯಿಲೆಯವರ ಮರಣ ಪ್ರಮಾಣವೂ ಬೇರೆಯೇ ಇರಬೇಕು. ಚಿಕಿತ್ಸೆ ಸುಧಾರಿಸಿ ಅವರು ಹೆಚ್ಚು ಕಾಲ ಬದುಕಿದಷ್ಟೂ ಕಾಯಿಲೆಯೊಂದಿಗೆ ಬದುಕುವವರ ಸಂಖ್ಯೆ ಏರುತ್ತದೆ. ಅದು ಈ ಲೆಕ್ಕದ ಮಾದರಿಯ ದೋಷವಲ್ಲ. ಜಿಲ್ಲೆಯದೇ ಅಂಕಿಅಂಶ ಸಿಗದಿದ್ದಲ್ಲಿ, 45 ದಾಟಿದವರನ್ನು ಕುರಿತ ರಾಷ್ಟ್ರೀಯ ಸಮೀಕ್ಷೆ 'ಲಾಸಿ'ಯ (2017-18) ಕರ್ನಾಟಕದ ಅಂಕಿಗಳಿಂದ ಆರಂಭಿಸಬಹುದು.

ನನ್ನ ದೃಷ್ಟಿಯಲ್ಲಿ ಹೆಚ್ಚು ಶ್ರಮ ಬೇಡುವುದು ಬಳಕೆಯ ಲೆಕ್ಕ. ಆಸ್ಪತ್ರೆಯ ಹೊರರೋಗಿ ದಾಖಲೆ ಬಂದವರನ್ನಷ್ಟೇ ಎಣಿಸುತ್ತದೆ. ಮೈಸೂರಿಗೋ ಮಂಗಳೂರಿಗೋ ಹೋದವರು, ಮಳೆಗಾಲದಲ್ಲಿ ರಸ್ತೆ ಕುಸಿದು ಮನೆಯಲ್ಲೇ ಉಳಿದವರು ಅದರಲ್ಲಿಲ್ಲ. ಆದ್ದರಿಂದ ಅಗತ್ಯವನ್ನೂ ಬಳಕೆಯನ್ನೂ ಎರಡು ಪ್ರತ್ಯೇಕ ಅಂಕಣಗಳಲ್ಲಿಟ್ಟು, ನಡುವೆ ಆಸ್ಪತ್ರೆಗಿರುವ ದೂರವನ್ನೂ, ಕರೆದೊಯ್ಯುವ ಒಬ್ಬರಾದರೂ ಮನೆಯಲ್ಲಿದ್ದಾರೆಯೇ ಎಂಬುದನ್ನೂ ಸೇರಿಸಬೇಕು. ಮಕ್ಕಳೆಲ್ಲ ಹೊರಗಿರುವ ಒಂಟಿ ಮನೆಯ ವೃದ್ಧರಿಗೆ ಕಾಯಿಲೆ ಹೆಚ್ಚಿದ್ದರೂ ಭೇಟಿ ಕಡಿಮೆ ಇರಬಹುದು. ಇಂಥ ವಿವರಕ್ಕೆ ಯಾವ ಕಡತಕ್ಕಿಂತಲೂ ಆಶಾ ಕಾರ್ಯಕರ್ತೆಯರನ್ನು ಕೇಳುವುದು ಲೇಸು.

ಮಾದರಿ ಸಿದ್ಧವಾದ ಬಳಿಕ 2001ರಿಂದ ಓಡಿಸಿ, 2011ರ ವಯೋವಾರು ಪಟ್ಟಿಯೊಂದಿಗೆ ತಾಳೆ ನೋಡಬೇಕು. ವಲಸೆ ಹೆಚ್ಚಿದರೆ, ಹಾಗೆಯೇ ಉಳಿದರೆ, ತಗ್ಗಿದರೆ ಎಂದು ಮೂರು ಬಾರಿ ಓಡಿಸಿ, ಫಲಿತಾಂಶವನ್ನು ಒಂದೇ ಅಂಕಿಯಾಗಿ ಕೊಡದೆ ಇಷ್ಟರಿಂದ ಇಷ್ಟರವರೆಗೆ ಎಂದು ತಾಲ್ಲೂಕುವಾರು ಬರೆಯಬೇಕು.