ಪದಪಟ್ಟಿಯನ್ನೂ ಮೂಳೆಯ ಪುಡಿಯನ್ನೂ ಎದುರುಬದುರು ಇಡುವುದು ಹೇಗೆ: ನನ್ನ ಅನುಭವ

ಭಾಷೆಗಳ ವಂಶವೃಕ್ಷ ಮತ್ತು ಪ್ರಾಚೀನ ಡಿಎನ್‌ಎ ಎರಡನ್ನೂ ಹಿಡಿದು ವಲಸೆಯ ಜಾಡು ಹುಡುಕುವಾಗ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಎರಡೂ ಕಡೆಯ ಲೆಕ್ಕ ಮುಗಿಯುವ ತನಕ ಒಂದರ ಉತ್ತರ ಇನ್ನೊಂದಕ್ಕೆ ಸೋರಬಾರದು. ಡಿಎನ್‌ಎ ಹೇಳಿದ ಕಾಲವನ್ನು ಭಾಷಾವೃಕ್ಷದ ಬುಡಕ್ಕೆ ಕಟ್ಟಿ, ಆಮೇಲೆ ಎರಡೂ ತಾಳೆಯಾದವು ಎಂದರೆ ಅದು ಸಾಕ್ಷ್ಯವಲ್ಲ. ನಾವೇ ಇಟ್ಟದ್ದನ್ನು ನಾವೇ ಎತ್ತಿಕೊಂಡಂತೆ.

ಭಾಷೆಯ ಕೆಲಸ 100 ಅಥವಾ 207 ಅರ್ಥಗಳ ಸ್ವಾದೇಶ್ ಪಟ್ಟಿಯಿಂದ ಶುರು, ಅಂದರೆ ಭಾಷೆಗಳನ್ನು ಹೋಲಿಸಲು ಆರಿಸಿದ ಮೂಲಭೂತ ಅರ್ಥಗಳ ಪಟ್ಟಿ. ಪ್ರತಿ ಅರ್ಥಕ್ಕೂ ಆಯಾ ಭಾಷೆಯಲ್ಲಿ ದಿನಬಳಕೆಯ ಒಂದೇ ಪದ. ನಿಘಂಟಿನಲ್ಲಿ ಸಿಕ್ಕಿದ ಸಮಾನಾರ್ಥಕಗಳನ್ನೆಲ್ಲ ಒಂದು ಭಾಷೆಗೆ ತುಂಬಿ ಇನ್ನೊಂದಕ್ಕೆ ಒಂದೇ ಪದ ಕೊಟ್ಟರೆ ತುಂಬಿದ ಭಾಷೆಯ ಕೊಂಬೆ ಸುಳ್ಳಾಗಿ ಉದ್ದವಾಗುತ್ತದೆ, ವೃಕ್ಷದ ವಯಸ್ಸೂ ಏರುತ್ತದೆ. ಎರಡು ಭಾಷೆಯ ಪದಗಳು ಜ್ಞಾತಿಪದಗಳು, ಅಂದರೆ ಒಂದೇ ಮೂಲಪದದಿಂದ ಬಂದವು, ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗ ಕಿವಿಗೆ ಕೇಳುವ ಹೋಲಿಕೆಯನ್ನು ನಂಬುವುದಿಲ್ಲ, ನಿಯತ ಧ್ವನಿ ಬದಲಾವಣೆಯನ್ನು ನೋಡುತ್ತೇನೆ. ನಮ್ಮ ಹಲ್ಲು ತಮಿಳಿನ ಪಲ್ ಜೊತೆ ಸೇರುವುದು ಹುಲಿ–ಪುಲಿ, ಹತ್ತು–ಪತ್ತು, ಹಾಲು–ಪಾಲ್ ಎಲ್ಲದರಲ್ಲೂ ಅದೇ ಪಕಾರ ಹಕಾರವಾಗಿರುವುದರಿಂದ. ಕಣ್ಣು ಎಂಬ ಪದದ ನಂಟು ಇನ್ನೂ ದೂರ ಹೋಗುತ್ತದೆ. ಬಲೂಚಿಸ್ತಾನದ ದ್ರಾವಿಡ ಭಾಷೆ ಬ್ರಾಹುಯಿಯಲ್ಲಿ ಅದು ಖನ್.

ಅದೇ ಬ್ರಾಹುಯಿ ಎರವಲಿನ ಪಾಠವನ್ನೂ ಹೇಳುತ್ತದೆ. ಒಂದರಿಂದ ಮೂರರವರೆಗೆ ಎಣಿಕೆ ದ್ರಾವಿಡ. ನಾಲ್ಕರಿಂದ ಮುಂದೆ ಇರಾನಿ ಮೂಲದ್ದು. ಈ ಎರವಲುಗಳನ್ನು ಬ್ರಾಹುಯಿಯ ಸ್ವಂತ ಪದಗಳೆಂದು ಕೋಷ್ಟಕಕ್ಕೆ ಹಾಕಿದರೆ ಅದು ನಿಜಕ್ಕಿಂತ ಮುಂಚೆ ಕವಲೊಡೆದಂತೆ ಕಾಣುತ್ತದೆ. ಹಾಗಾಗಿ ಎರವಲಿಗೆ ಪ್ರತ್ಯೇಕ ಗುರುತು ಹಾಕಿ, ಅವನ್ನು ಸೇರಿಸಿ ಒಮ್ಮೆ, ತೆಗೆದು ಒಮ್ಮೆ ಲೆಕ್ಕ ಓಡಿಸುತ್ತೇನೆ. ಕೋಷ್ಟಕದಲ್ಲಿ ಜ್ಞಾತಿಪದ ಇದ್ದರೆ 1, ಇಲ್ಲದಿದ್ದರೆ 0, ಮಾಹಿತಿಯೇ ಸಿಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಮಾಹಿತಿ ಇಲ್ಲದ ಕಡೆ 0 ಬರೆಯುವ ಚಾಳಿ ಇಡೀ ವೃಕ್ಷವನ್ನು ಕೆಡಿಸುತ್ತದೆ.

ಕಾಲಗಣನೆಗೆ ಶಾಸನಗಳು ಬೇಕು, ಆದರೆ ಅವು ಕೊಡುವುದು ಕನಿಷ್ಠ ವಯಸ್ಸು ಮಾತ್ರ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ, ಆ ಹೊತ್ತಿಗೆ ಕನ್ನಡ ಬೇರೆಯಾಗಿತ್ತು ಎನ್ನುತ್ತದೆ. ಯಾವಾಗ ಬೇರೆಯಾಯಿತು ಎನ್ನುವುದಿಲ್ಲ. 20 ದ್ರಾವಿಡ ಭಾಷೆಗಳ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನ ಈ ಕುಟುಂಬಕ್ಕೆ ಸುಮಾರು 4500 ವರ್ಷ ಎಂದಿತು. ಎಲ್ಲರೂ ಉದ್ಧರಿಸುವುದು ಆ ಒಂದು ಸಂಖ್ಯೆಯನ್ನೇ. ನಿಜವಾದ ಉತ್ತರ 3000ದಿಂದ 6500ರವರೆಗಿನ ವ್ಯಾಪ್ತಿ. ಅಷ್ಟು ಅಗಲದ ಕಿಟಕಿಯೊಳಗೆ ಯಾವ ವಲಸೆ ಬೇಕಾದರೂ ತೂರುತ್ತದೆ. ಕಾಲ ಹೊಂದಿತು ಎಂದಷ್ಟಕ್ಕೇ ಹಿಗ್ಗಬೇಕಾಗಿಲ್ಲ.

ಮೂಳೆಯ ಕಡೆ ಮೊದಲ ಆಯ್ಕೆ ಒಳಕಿವಿಯ ಸುತ್ತಲಿನ ಪೆಟ್ರಸ್ ಮೂಳೆ, ದೇಹದಲ್ಲೇ ಅತಿ ಗಟ್ಟಿ. ಸುಮಾರು 50 ಮಿಲಿಗ್ರಾಂ ಪುಡಿ ಸಾಕು. ಡ್ರಿಲ್ ನಿಧಾನ ತಿರುಗಬೇಕು, ಬಿಸಿಯಾದರೆ ಉಳಿದಿರುವ ಡಿಎನ್‌ಎಯೂ ಒಡೆಯುತ್ತದೆ. ಹಳೆಯ ಡಿಎನ್‌ಎ ತುಣುಕುಗಳ ತುದಿಯಲ್ಲಿ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸಿ ಇದ್ದ ಜಾಗ ಟಿ ಎಂದು ಓದಿಸಿಕೊಳ್ಳುತ್ತದೆ. ಈ ಹಾನಿ ಕಾಣದಿದ್ದರೆ ಕೈಯಲ್ಲಿರುವುದು ಬಹುಶಃ ಮುಟ್ಟಿದವರ ಡಿಎನ್‌ಎ. ಗಂಡಸಿನ ಮಾದರಿಯಾದರೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಇರುವುದು ಒಂದೇ ಎಕ್ಸ್ ವರ್ಣತಂತು, ಅದರಲ್ಲಿ ಒಂದೇ ಜಾಗಕ್ಕೆ ಎರಡು ಬಗೆಯ ಓದು ಬಂದರೆ ಕಲಬೆರಕೆ. ಬಿಸಿ ನಾಡುಗಳಲ್ಲಿ ಬಹುಪಾಲು ಮಾದರಿಗಳು ಇಲ್ಲೇ ಬಿದ್ದುಹೋಗುತ್ತವೆ. ಹರಿಯಾಣದ ಹರಪ್ಪಾ ನಾಗರಿಕತೆಯ ನೆಲೆ ರಾಖಿಗಢಿಯಲ್ಲಿ ಹತ್ತಾರು ಮಾದರಿ ಪರೀಕ್ಷಿಸಿದರೂ 2019ರಲ್ಲಿ ವರದಿಯಾದದ್ದು ಒಬ್ಬ ಹೆಂಗಸಿನದು. ಆಕೆಯಲ್ಲಿ ಯುರೇಷ್ಯಾದ ಹುಲ್ಲುಗಾವಲಿನ (ಸ್ಟೆಪ್ಪಿ) ಪಶುಪಾಲಕರ ವಂಶದ ಅಂಶ ಇರಲಿಲ್ಲ. ಆಕೆ ಆಡುತ್ತಿದ್ದ ಭಾಷೆ ಯಾವುದು ಎಂದು ಮೂಳೆ ಹೇಳುವುದಿಲ್ಲ, ಯಾರು ಎಷ್ಟೇ ಕೇಳಿದರೂ.

ಒಬ್ಬರಲ್ಲಿ ಬೆರೆತ ಬೇರೆಬೇರೆ ಮೂಲಜನರ ಪಾಲು ಅಳೆಯಲು ಕ್ಯೂಪಿಆಡ್ಮ್ (qpAdm) ಎಂಬ ತಂತ್ರಾಂಶ ಬಳಸುತ್ತೇನೆ. ಯಾವ ಮೂಲಜನ ಬೆರೆತರು ಎಂಬ ಒಂದು ಊಹೆ ದತ್ತಕ್ಕೆ ಹೊಂದಿತು ಎಂದರೆ ಅದನ್ನು ತಳ್ಳಿಹಾಕಲಾಗಲಿಲ್ಲ ಎಂದಷ್ಟೇ ಅರ್ಥ. ಅದೇ ದತ್ತಕ್ಕೆ ಇನ್ನೂ ಮೂರು ಊಹೆ ಹೊಂದಬಹುದು. ಬೆರಕೆಯ ಕಾಲ ತಲೆಮಾರುಗಳ ಲೆಕ್ಕದಲ್ಲಿ ಬರುತ್ತದೆ. 2500 ವರ್ಷ ಹಿಂದಿನ ವ್ಯಕ್ತಿಯಲ್ಲಿ ಬೆರಕೆ 40 ತಲೆಮಾರು ಹಳೆಯದಾದರೆ, ತಲೆಮಾರಿಗೆ 28 ವರ್ಷದಂತೆ 1120. ಅಂದರೆ ಇಂದಿಗೆ 3620 ವರ್ಷದ ಹಿಂದೆ. ಇದು ಮದುವೆಗಳ ಕಾಲ, ಬಂದಿಳಿದ ಕಾಲವಲ್ಲ. ಬಂದವರು ಶತಮಾನಗಟ್ಟಲೆ ಬೆರೆಯದೇ ಇದ್ದಿರಬಹುದು. ಮೀನು ತಿಂದು ಬದುಕಿದವರ ಮೂಳೆಯಾದರೆ ರೇಡಿಯೋ ಇಂಗಾಲದ ಕಾಲವೇ ನಿಜಕ್ಕಿಂತ ಹಳೆಯದಾಗಿ ಬರುತ್ತದೆ, ಅದನ್ನು ಮೊದಲು ತಿದ್ದಿಕೊಳ್ಳಬೇಕು.

ಎರಡನ್ನೂ ಎದುರಿಟ್ಟಾಗ ದಿಕ್ಕು, ಕಾಲ, ಗಂಡುಹೆಣ್ಣಿನ ಪಾಲು ಮೂರನ್ನೂ ಬೇರೆಬೇರೆ ನೋಡುತ್ತೇನೆ. ತಾಳೆಯಾಗದ ಕಡೆಯೇ ಹೆಚ್ಚು ತಿಳಿಯುವುದು. ಪೂರ್ವ ಮತ್ತು ಮಧ್ಯ ಭಾರತದ ಮುಂಡಾ ಭಾಷಿಕ ಗಂಡಸರಲ್ಲಿ, ತಂದೆಯಿಂದ ಮಗನಿಗೆ ಹೋಗುವ ವೈ ವರ್ಣತಂತಿನಲ್ಲಿ ಆಗ್ನೇಯ ಏಷ್ಯಾದ ಎಂ95 ಕವಲು ಹೇರಳ. ತಾಯಿಯ ಕಡೆಯ ಮೈಟೊಕಾಂಡ್ರಿಯಾ ಮಾತ್ರ ಬಹುತೇಕ ಭಾರತದ್ದೇ. ಭಾಷೆ ತಂದವರಲ್ಲಿ ಗಂಡಸರೇ ಹೆಚ್ಚು ಎಂಬುದು ಪದಪಟ್ಟಿಯೊಂದರಿಂದ ಎಂದೂ ಹೊರಡುತ್ತಿರಲಿಲ್ಲ. ಪೆಸಿಫಿಕ್ ದ್ವೀಪರಾಷ್ಟ್ರ ವನವಾಟುವಿನಲ್ಲಿ ಸುಮಾರು 3000 ವರ್ಷ ಹಿಂದಿನ ಟೆಯೋಮಾ ಸಮಾಧಿಯ ಜನರಲ್ಲಿ ಪಾಪುವನ್ (ನ್ಯೂಗಿನಿ ಕಡೆಯ) ಅಂಶ ಇಲ್ಲವೆನ್ನುವಷ್ಟು ಕಡಿಮೆ. ಇಂದಿನ ನಿವಾಸಿಗಳಲ್ಲಿ ಅದರದ್ದೇ ಸಿಂಹಪಾಲು. ಜನ ಬದಲಾದರೂ ನುಡಿ ಮೊದಲು ಬಂದವರ ಆಸ್ಟ್ರೋನೇಷಿಯನ್ ಭಾಷಾಕುಟುಂಬದ್ದಾಗಿಯೇ ಉಳಿಯಿತು.

ಹುಲ್ಲುಗಾವಲಿನ ಅಂಶ ಕಂಡಲ್ಲೆಲ್ಲ ಇಂಡೋ-ಯುರೋಪಿಯನ್ (ಸಂಸ್ಕೃತ, ಇಂಗ್ಲಿಷ್ ಸೇರಿದ ಭಾಷಾಕುಟುಂಬ) ಎಂದು ಬರೆಯುವವರಿಗೆ ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ಜನರನ್ನು ತೋರಿಸಬೇಕು. ಅವರಲ್ಲಿ ಆ ಅಂಶ ಚೆನ್ನಾಗಿಯೇ ಇದೆ, ಭಾಷೆ ಮಾತ್ರ ಆ ಕುಟುಂಬದ್ದಲ್ಲ. ಈ ಡಿಎನ್‌ಎ ಅಂದರೆ ಈ ಭಾಷೆ ಎಂಬ ಯಾವ ಹೊಸ ಸಮೀಕರಣ ಬಂದರೂ ಅದನ್ನು ಮೊದಲು ಬಾಸ್ಕ್ ಮೇಲೆ ಓಡಿಸುತ್ತೇನೆ. ಅಲ್ಲಿ ಅದು ಇಂಡೋ-ಯುರೋಪಿಯನ್ ಎಂದು ಉತ್ತರ ಕೊಟ್ಟರೆ ಬೇರೆ ಕಡೆ ಕೊಟ್ಟ ಉತ್ತರವನ್ನೂ ಬದಿಗಿಡುತ್ತೇನೆ.