ಧಣಿಗೆ ಹೆಸರು ಗೊತ್ತಿಲ್ಲದ ಮೊದಲ ಕೆಲಸಗಾರ

2018ರ ಬೇಸಿಗೆ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಮಾಲೀಕರ ಎದುರು ಕೂತಿದ್ದೆ. ಒಬ್ಬ ಹುಡುಗ ಬಂದು ಎರಡು ದಿನ ರಜೆ ಕೇಳಿದ. "ಆತು, ಹೋಗಿ ಬಾರಪ್ಪ" ಅಂದರು. ಅವನು ಆಚೆ ಹೋದ ಮೇಲೆ ಸೂಪರ್‌ವೈಸರ್ ಕಡೆ ತಿರುಗಿ, "ಯಾರಲೇ ಅವ?" ಅಂತ ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ಐದು ಮಷೀನ್ ಇದ್ದಾಗ ಒಬ್ಬೊಬ್ಬರ ಮನೆಯ ಕಥೆಯೂ ಅವರಿಗೆ ಗೊತ್ತಿತ್ತಂತೆ. ಈಗ 34 ಜನ ಇದ್ದರು.

ಸಣ್ಣ ಉದ್ಯಮಗಳಿಗೆ ಎಚ್‌ಆರ್ ಕೆಲಸ, ಅಂದರೆ ಕೆಲಸಗಾರರ ಹಾಜರಿ, ಸಂಬಳ, ನಿಯಮಗಳ ಕೆಲಸ, ಮಾಡಿಕೊಡಲು ಶುರು ಮಾಡಿದ ಮೇಲೆ ನಾನು ಕಂಡುಕೊಂಡ ಅಳತೆಗೋಲು ಇದೇ. ಧಣಿಗೆ ಎಲ್ಲರ ಹೆಸರು ಬಾಯಲ್ಲೇ ಇರುವವರೆಗೆ ಯೂನಿಟ್ ಹೇಗೋ ನಡೆದುಹೋಗುತ್ತದೆ. ಹೆಸರು ಗೊತ್ತಿಲ್ಲದ ಮೊದಲ ಕೆಲಸಗಾರ ಬಂದ ದಿನದಿಂದ ತೊಂದರೆಗಳು ಒಂದೊಂದಾಗಿ ಶುರುವಾಗುತ್ತವೆ. ಇದು ಸಾಮಾನ್ಯವಾಗಿ 20ರಿಂದ 40 ಜನರ ನಡುವೆ ಆಗುವುದನ್ನು ನೋಡಿದ್ದೇನೆ.

ಆ ಮಾಲೀಕರು ನನ್ನನ್ನು ಕರೆಸಿದ್ದಕ್ಕೆ ಕಾರಣ ಇತ್ತು. ರಂಜಾನ್ ಆರ್ಡರ್ ಕೈಯಲ್ಲಿರುವಾಗಲೇ ಕಟಿಂಗ್ ಮಾಸ್ಟರ್ ಒಂಬತ್ತು ಟೈಲರ್‌ಗಳನ್ನು ಕರೆದುಕೊಂಡು ಬೇರೆ ಯೂನಿಟ್‌ಗೆ ಹೋಗಿದ್ದ. "ದುಡ್ಡಿನ ಆಸೆ ರೀ ಮೇಡಂ" ಅಂದರು ಮಾಲೀಕರು. ಎರಡು ದಿನ ಅಲ್ಲೇ ಕೂತು ಉಳಿದವರ ಜೊತೆ ಮಾತಾಡಿದಾಗ ಬೇರೆಯೇ ವಿಷಯ ಗೊತ್ತಾಯಿತು. ಮಾಲೀಕರ ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಡೈರಿ. ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ, ಬಟವಾಡೆಯಲ್ಲಿ ಎಷ್ಟು ಹಿಡಿದಿದ್ದಾರೆ, ಎಲ್ಲ ಅದರಲ್ಲಿ. ಟೈಲರ್ ಒಬ್ಬ ತಾನು ತೆಗೆದುಕೊಂಡಿದ್ದು 6,000 ಅಂತಾನೆ, ಡೈರಿ 9,000 ಅನ್ನುತ್ತದೆ. ಸುಳ್ಳು ಹೇಳುವ ಮನುಷ್ಯ ಅಲ್ಲ ಅಂತ ಇಬ್ಬರ ಬಗ್ಗೆಯೂ ಊರು ಹೇಳುತ್ತದೆ. ಆ 3,000 ರೂಪಾಯಿಯ ಜಗಳವೇ ಒಂಬತ್ತು ಜನರನ್ನು ಹೊರಗೆ ಕಳಿಸಿತ್ತು.

ಹಾಗಾಗಿ ನಾನು ಮಾಡಿದ ಮೊದಲ ಎಚ್‌ಆರ್ ಕೆಲಸ ಅಡ್ವಾನ್ಸ್ ಪುಸ್ತಕ. ಒಬ್ಬೊಬ್ಬರಿಗೆ ಒಂದು ಪುಟ. ಕೊಟ್ಟ ದಿನ, ಮೊತ್ತ, ತಿಂಗಳಿಗೆ ಎಷ್ಟು ಕಟ್, ಎರಡೂ ಕಡೆಯ ಸಹಿ. ಬರೆಯಲು ಬರದವರದು ಹೆಬ್ಬೆಟ್ಟು, ಪಕ್ಕದಲ್ಲಿ ಅವರೇ ಆರಿಸಿದ ಒಬ್ಬ ಸಾಕ್ಷಿಯ ಸಹಿ. ಮೂರು ಸಂಜೆ ಹಿಡಿಯಿತು. ಒಟ್ಟು ಕೂಡಿಸಿದಾಗ 2 ಲಕ್ಷ 70 ಸಾವಿರ ಹೊರಗಿತ್ತು. ಅಷ್ಟು ದುಡ್ಡು ಕೈಬಿಟ್ಟಿದೆ ಅಂತ ಮಾಲೀಕರಿಗೇ ಗೊತ್ತಿರಲಿಲ್ಲ. ಉಗಾದಿ, ರಂಜಾನ್, ಮೊಹರಂ, ದೀಪಾವಳಿ, ಹೀಗೆ ಹಬ್ಬ ಬಂದಾಗಲೆಲ್ಲ ಕೇಳಿದವರಿಗೆ ಇಲ್ಲ ಅನ್ನದೆ ಕೊಟ್ಟಿದ್ದರು. ನಮ್ಮ ಕಡೆ ಧಣಿ ಅಂದರೆ ಹಾಗೇ ಅಲ್ವಾ?

"ನಮ್ ಹುಡುಗ್ರು ಮನಿ ಮಕ್ಳಿದ್ದಂಗ ಮೇಡಂ, ಅವ್ರಿಗೆ ಕಾಗದ ಯಾಕ ಬೇಕು?" ಈ ಮಾತನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಹೇಳುವವರು ಮನಸಾರೆ ಹೇಳುತ್ತಾರೆ, ನಾನು ನಂಬುತ್ತೇನೆ. ಆದರೆ ಆ ಪ್ರೀತಿ ಇರುವುದು ಅವರೊಬ್ಬರ ತಲೆಯಲ್ಲಿ. ಅವರು ಸೂರತ್‌ಗೋ ಅಹಮದಾಬಾದ್‌ಗೋ ಬಟ್ಟೆ ಖರೀದಿಗೆ ಹೋದ ದಿನ ಯೂನಿಟ್ ನಡೆಸುವುದು ಸೂಪರ್‌ವೈಸರ್. ಧಣಿ ಕೊಟ್ಟ ಮಾತು ಅವನಿಗೆ ಗೊತ್ತಿರುವುದಿಲ್ಲ. ಕಾಗದ ಬೇಕಾಗುವುದು ಅಂಥ ದಿನಕ್ಕೆ.

ಇದಕ್ಕೂ ಮೊದಲು ನಾನು ಹನ್ನೊಂದು ವರ್ಷ ತೋರಣಗಲ್ಲು ಕಡೆ ಒಂದು ಗುತ್ತಿಗೆ ಸಂಸ್ಥೆಯ ಟೈಮ್ ಆಫೀಸಿನಲ್ಲಿದ್ದೆ. ಗೇಟ್ ಪಾಸ್, ಹಾಜರಿ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಲೆಕ್ಕ, ಪಿಎಫ್ (ಭವಿಷ್ಯನಿಧಿ) ಚಲನ್, ಇವೇ ನನ್ನ ದಿನಗಳು. ಕೆಲಸ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ಶುರು ಮಾಡಿದೆ. ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಸಂಬಳದ ಪಟ್ಟಿ ಮಾಡಿಕೊಡಲು ತಲೆಗೆ 120 ರೂಪಾಯಿ, ತಿಂಗಳಿಗೆ ಕನಿಷ್ಠ 4,000. ಉಳಿದ ಕೆಲಸಕ್ಕೆ ದಿನದ ಲೆಕ್ಕ. ಮೊದಲ ವರ್ಷ ಗ್ರಾಹಕರ ಜೊತೆ ಒಪ್ಪಂದವನ್ನೇ ಬರೆಸಿಕೊಳ್ಳಲಿಲ್ಲ. ಇಬ್ಬರು ಆರು ತಿಂಗಳ ಫೀ ಕೊಡಲಿಲ್ಲ. ಎರಡನೇ ವರ್ಷದಿಂದ ಒಂದು ಪುಟದ ಒಪ್ಪಂದಕ್ಕೆ ಸಹಿ ಆಗದೆ ಯಾರ ಹಾಜರಿ ಪುಸ್ತಕವನ್ನೂ ಮುಟ್ಟಿಲ್ಲ.

ಆಗ ಮಾಡಿದ ಇನ್ನೊಂದು ತಪ್ಪನ್ನೂ ಹೇಳಬೇಕು. ದೊಡ್ಡ ಕಂಪನಿಗಳಲ್ಲಿ ನೋಡಿದ್ದ ನಿಯಮಾವಳಿಯನ್ನೇ ಮಾದರಿ ಮಾಡಿಕೊಂಡು 38 ಪುಟದ ಇಂಗ್ಲಿಷ್ ಪುಸ್ತಕ ತಯಾರಿಸಿ ಕೊಟ್ಟೆ. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ಕಪಾಟಿನಲ್ಲಿ ಹಾಗೇ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಈಗ ಎರಡೇ ಪುಟ, ಕನ್ನಡದಲ್ಲಿ. ಕೆಲಸದ ಹೊತ್ತು, ರಜೆಯನ್ನು ಯಾರಿಗೆ ಕೇಳಬೇಕು, ಸಂಬಳ ಯಾವ ದಿನ, ಅಡ್ವಾನ್ಸ್ ಎಷ್ಟರವರೆಗೆ, ಕೆಲಸ ಬಿಟ್ಟರೆ ಲೆಕ್ಕ ಚುಕ್ತಾ ಎಷ್ಟು ದಿನದಲ್ಲಿ, ತಕರಾರಿದ್ದರೆ ಯಾರ ಹತ್ತಿರ ಹೋಗಬೇಕು. ಕೊಟ್ಟು ಸುಮ್ನೆ ಬರುವುದಿಲ್ಲ. ಎಲ್ಲರನ್ನೂ ಕೂರಿಸಿ ಓದಿ ಹೇಳುತ್ತೇನೆ. ಬಳ್ಳಾರಿಯಲ್ಲಿ ಒಂದು ಸಾಲು ಕನ್ನಡದಲ್ಲಿ ಹೇಳಿದರೆ ಅದನ್ನೇ ತೆಲುಗಲ್ಲಿ, ಉರ್ದುವಿನಲ್ಲಿ ಹೇಳುವವರು ಗುಂಪಿನಲ್ಲೇ ಇರುತ್ತಾರೆ. ಹಾಗೆ ಹೇಳುವಾಗಲೇ ಪ್ರಶ್ನೆಗಳು ಬರುತ್ತವೆ. ಮಾಲೀಕರೂ ಅಲ್ಲೇ ಕೂತಿರಬೇಕು, ಅದು ನನ್ನ ಷರತ್ತು.

ನನ್ನ ಮನಸ್ಸಿಗೆ ಇವತ್ತಿಗೂ ನೋವು ಕೊಡುವುದು ಊರಂಚಿನ ಒಂದು ಅಕ್ಕಿ ಗಿರಣಿಯ ಸಂಗತಿ. "ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?" ಅಂತ ಕೇಳಿದೆ. ಲೆಕ್ಕ ಬರೆಯುವವರು ಪುಸ್ತಕ ನೋಡಿ "ಎಂಟು" ಅಂದರು. ಇಎಸ್‌ಐ ಶುರುವಾಗುವುದು 10 ಜನರಿಂದ, ಪಿಎಫ್ 20 ಜನರಿಂದ. ಎಂಟಕ್ಕೆ ಎರಡೂ ಬೇಡ ಅಂತ ಬರೆದುಕೊಂಡು ಬಂದೆ. ಚೀಲ ಹೊರುವ ಹಮಾಲರು ಮೇಸ್ತ್ರಿಯ ಕಡೆಯಿಂದ ಬರುತ್ತಿದ್ದರು, ಚೀಲಕ್ಕಿಷ್ಟು ಅಂತ ಮೇಸ್ತ್ರಿ ಕೈಯಲ್ಲಿ ದುಡ್ಡು. ಪುಸ್ತಕದಲ್ಲಿ ಅವರು ಇರಲೇ ಇಲ್ಲ. ಗುತ್ತಿಗೆದಾರನ ಮೂಲಕ ಬಂದವರೂ ತಲೆಲೆಕ್ಕಕ್ಕೆ ಸೇರುತ್ತಾರೆ ಅನ್ನುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಗೇಟಿನ ಹತ್ತಿರ ನಿಂತು ಎಣಿಸಲಿಲ್ಲ. ನಾಲ್ಕು ತಿಂಗಳ ಮೇಲೆ ಜೋಡಿಸಿಟ್ಟ ಚೀಲಗಳು ಜಾರಿ ಒಬ್ಬ ಹಮಾಲನ ಕಾಲಿನ ಮೇಲೆ ಬಿದ್ದವು. ಇಎಸ್‌ಐ ಇದ್ದಿದ್ದರೆ ಚಿಕಿತ್ಸೆಯ ಜೊತೆಗೆ, ಕೆಲಸ ಮಾಡಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು ಅವನಿಗೆ ಸಿಗುತ್ತಿತ್ತು. ಮಾಲೀಕರು ಆಸ್ಪತ್ರೆಯ ಖರ್ಚು ಪೂರ್ತಿ ಕೊಟ್ಟರು, ಅದು ಅವರ ಒಳ್ಳೆಯತನ. ಆದರೆ ಮೂರು ತಿಂಗಳು ಅವನ ಮನೆಗೆ ಕೂಲಿ ಇರಲಿಲ್ಲ.

ಆಮೇಲೆ ನಾನು ಪುಸ್ತಕ ನೋಡಿ ಎಣಿಸುವುದನ್ನು ಬಿಟ್ಟೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಗೇಟಿಗೆ ಹೋಗುತ್ತೇನೆ. ಒಳಗೆ ಹೋಗುವವರನ್ನು ಮೂರು ದಿನ ಎಣಿಸುತ್ತೇನೆ. ಪುಸ್ತಕದ ಸಂಖ್ಯೆ, ಗೇಟಿನ ಸಂಖ್ಯೆ ಹೊಂದಿದ್ದನ್ನು ಇಲ್ಲಿಯವರೆಗೆ ಎರಡೇ ಕಡೆ ನೋಡಿದ್ದೇನೆ.

ಹೆಸರು ಸೇರಿಸಲು ಹೊರಟರೆ ಮುಂದಿನ ತೊಂದರೆ ಹೆಸರಿನದೇ. ಹೊನ್ನೂರಸ್ವಾಮಿ ಅನ್ನುವ ಹೆಸರು ನಮ್ಮ ಕಡೆ ಎಷ್ಟೊಂದು ಜನರಿಗಿದೆ. ಆಧಾರ್‌ನಲ್ಲಿ ಇಂಗ್ಲಿಷಿನ ಒಂದು ಕಾಗುಣಿತ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಶಾಲೆಯ ಟಿಸಿಯಲ್ಲಿ ಹೊನ್ನೂರಪ್ಪ. ಹುಟ್ಟಿದ ದಿನ ಕೇಳಿದರೆ ಜನವರಿ 1. ಕೆಲಸಕ್ಕೆ ಸೇರುವಾಗ ಇದನ್ನು ಸರಿ ಮಾಡದಿದ್ದರೆ, ಹತ್ತು ವರ್ಷ ಆದ ಮೇಲೆ ಮಗಳ ಮದುವೆಗೆ ಪಿಎಫ್ ತೆಗೆಯಲು ಹೋದಾಗ ಅರ್ಜಿ ತಿರಸ್ಕಾರ ಆಗುತ್ತದೆ. ಅಷ್ಟರಲ್ಲಿ ಆ ಯೂನಿಟ್ಟೇ ಮುಚ್ಚಿರಬಹುದು, ಹೆಸರು ತಿದ್ದಲು ಕೆಲಸಗಾರ, ಮಾಲೀಕ ಸೇರಿ ಕೊಡುವ ಜಂಟಿ ಘೋಷಣೆ ಬೇಕಾದರೆ ಒಪ್ಪಿಗೆ ಕೊಡುವ ಮಾಲೀಕರೂ ಇರುವುದಿಲ್ಲ. ಅದಕ್ಕೆ ಸೇರಿದ ಮೊದಲ ವಾರದಲ್ಲೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿನ್ನುವ ಕೆಲಸ ಇದು. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹುಡುಗಿಯರಿಗೆ ಮೊದಲು ಕಲಿಸುವುದೂ ಇದನ್ನೇ.

ಕಾಗದದ ಬೆಲೆ ನನ್ನ ಗ್ರಾಹಕರಿಗೆ ಅರ್ಥ ಆಗಿದ್ದು 2020ರಲ್ಲಿ. ಲಾಕ್‌ಡೌನ್ ಆಗಿ ಯೂನಿಟ್‌ಗಳು ಮುಚ್ಚಿದ್ದವು. ನೂರು ಜನರವರೆಗೆ ಇರುವ, ಅವರಲ್ಲಿ ಶೇ. 90 ಜನ 15,000ಕ್ಕಿಂತ ಕಡಿಮೆ ಸಂಬಳದ ಸಂಸ್ಥೆಗಳಿಗೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಪಿಎಫ್‌ನ ಎರಡೂ ಪಾಲನ್ನು, ಅಂದರೆ ಶೇ. 24ನ್ನು, ಕೇಂದ್ರ ಸರ್ಕಾರವೇ ಕಟ್ಟಿತು. ಪಟ್ಟಿ ಸರಿಯಾಗಿದ್ದವರಿಗೆ ಅದು ಸಿಕ್ಕಿತು. ಹೆಸರೇ ಇಲ್ಲದವರಿಗೆ ಏನು ಸಿಗುತ್ತದೆ? ಆ ಜೀನ್ಸ್ ಯೂನಿಟ್‌ನ ಮಾಲೀಕರು ಫೋನ್ ಮಾಡಿ, ಉಳಿದ ಮೂವರು ಹೆಲ್ಪರ್‌ಗಳ ಹೆಸರನ್ನೂ ಸೇರಿಸಿ ಅಂತ ತಾವಾಗಿ ಹೇಳಿದರು.

ಜನ ಹುಡುಕಿಕೊಡುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ತಿಂಗಳ ಸಂಬಳ, ಅಂದರೆ ವರ್ಷದ್ದರ ಶೇ. 8.33, ಫೀ ಕೇಳುವುದು ನಮ್ಮ ವೃತ್ತಿಯ ರೂಢಿ. ಇಲ್ಲಿ ಅದನ್ನು ಕೊಡುವವರು ಕಡಿಮೆ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಚೆನ್ನಾಗಿ ಗೊತ್ತಿರುವವರು ಸಿಕ್ಕರೂ ಬೆಂಗಳೂರಿಗೆ ಹೋಗುತ್ತಾರೆ. ನಾನು ಕಲಿತದ್ದು ಒಂದೇ: ಡಿಗ್ರಿ ಕೇಳುವುದಕ್ಕೆ ಮೊದಲು ಯಾವ ಊರಿಂದ, ಯಾವ ಬಸ್ಸಿಗೆ ಬರುತ್ತೀರಿ ಅಂತ ಕೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸುತ್ತಲಿನ ಹಳ್ಳಿಗಳಿಂದ ಕೆಲಸ ಕೇಳಿಕೊಂಡು ಬರುವ ಹೆಣ್ಣುಮಕ್ಕಳು ಜಾಸ್ತಿಯಾದರು. ಬಸ್ ಚಾರ್ಜ್ ಉಳಿಯಿತು, ಆದರೆ ಹೊತ್ತು ಹೊಂದುತ್ತಿರಲಿಲ್ಲ. ಬಸ್ ಬರುವುದು 9.15ಕ್ಕೆ, ಗೇಟ್ ಮುಚ್ಚುವುದು 9ಕ್ಕೆ. ದಿನವೂ ಅರ್ಧ ಗಂಟೆಯ ಕೂಲಿ ಕಟ್. ಒಂದು ಯೂನಿಟ್‌ನಲ್ಲಿ ಶುರುವಾಗುವ ಹೊತ್ತನ್ನು 9.30 ಮಾಡಿಸಿದೆ. ತಡ ಆಗುವುದು ನಿಂತೇಹೋಯಿತು.

ಕೆಲಸ ಬಿಟ್ಟು ಹೋಗುವವರ ಜೊತೆ ಮಾತಾಡುವುದನ್ನು ನಾನು ತಪ್ಪಿಸುವುದಿಲ್ಲ. ಯೂನಿಟ್‌ನಲ್ಲಿ ಕೂತು ಮಾತಾಡಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೊರಗೆ, ಒಗ್ಗರಣಿ ಮಿರ್ಚಿ ಅಂಗಡಿಯ ಹತ್ತಿರವೋ, ಅವರ ಮನೆಯ ಕಟ್ಟೆಯ ಮೇಲೋ ಕೂತು ಕೇಳುತ್ತೇನೆ. ಫಿನಿಶಿಂಗ್‌ನಲ್ಲಿ ದಾರ ಕತ್ತರಿಸುವ ಹೆಣ್ಣುಮಕ್ಕಳು ಪ್ರತಿ ಏಪ್ರಿಲ್‌ನಲ್ಲಿ ಬಿಡುತ್ತಿದ್ದ ಒಂದು ಯೂನಿಟ್ ಇತ್ತು. ಬಿಸಿಲಿಗೆ ಬರುವುದಿಲ್ಲ ಅಂತ ಮಾಲೀಕರು ತಿಳಿದಿದ್ದರು. ಒಬ್ಬ ಅಕ್ಕ ಮಾತ್ರ ಕೊನೆಗೆ ಹೇಳಿದರು: "ಬಾತ್‌ರೂಮಿಗೆ ಚಿಲಕ ಇಲ್ಲಮ್ಮ. ಅದ್ಕ ಮುಂಜಾನಿಂದ ನೀರು ಕುಡಿಯಂಗಿಲ್ಲ ನಾವು. ಉಳಿದ ತಿಂಗಳು ಹೆಂಗೋ ನಡೀತೈತಿ, ಈ ಬಿಸಿಲಾಗ ತಲಿ ತಿರುಗತೈತಿ." ಬಳ್ಳಾರಿಯ ಬೇಸಿಗೆಯಲ್ಲಿ ಇಡೀ ದಿನ ನೀರು ಕುಡಿಯದೆ ಕೆಲಸ! ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಬೇರೆ ಯಾವ ಕಾಗದವನ್ನೂ ತೆಗೆಯದೆ ಬಡಗಿಯನ್ನು ಕರೆಸಿ ಅಂದೆ. ಚಿಲಕ, ಬೆಳಕು, ನೀರು, ಮುಚ್ಚಳ ಇರುವ ಡಬ್ಬಿ, ಎಲ್ಲ ಸೇರಿ 7,000 ರೂಪಾಯಿ ಒಳಗೆ ಆಯಿತು. ಈಗ ಹೊಸ ಯೂನಿಟ್‌ಗೆ ಹೋದಾಗ ಆಫೀಸಿಗಿಂತ ಮೊದಲು ಅಲ್ಲಿಗೇ ಹೋಗಿ ನೋಡುತ್ತೇನೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಅನ್ನುವುದು 2013ರ ಕಾಯ್ದೆ. ಸಮಿತಿಯ ಬೋರ್ಡ್ ಹಾಕಿಸುವುದು ಸುಲಭ. ಬಾಗಿಲಿಗೆ ಚಿಲಕ ಇಲ್ಲದ ಕಡೆ ಆ ಬೋರ್ಡನ್ನು ಯಾವ ಹೆಣ್ಣುಮಗಳೂ ನಂಬುವುದಿಲ್ಲ.

ಒಬ್ಬ ಗ್ರಾಹಕರನ್ನು ನಾನೇ ಬಿಟ್ಟೆ. ಎರಡು ಹಾಜರಿ ಪುಸ್ತಕ ಬೇಕು ಅಂದರು, ಒಂದು ತೋರಿಸುವುದಕ್ಕೆ. ಆಗ ನನ್ನ ಆದಾಯದ ಕಾಲು ಭಾಗ ಅವರಿಂದಲೇ ಬರುತ್ತಿತ್ತು. ಎರಡು ದಿನ ಯೋಚಿಸಿದೆ, ಆಮೇಲೆ ಅವರ ಕಾಗದಗಳನ್ನೆಲ್ಲ ಪಟ್ಟಿ ಮಾಡಿ ವಾಪಸ್ ಕೊಟ್ಟು ಸಹಿ ತೆಗೆದುಕೊಂಡು ಬಂದೆ.

2025ರ ನವೆಂಬರ್ 21ರಂದು 29 ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆ ವಾರ ನನ್ನ ಫೋನ್ ಬಿಡುವು ಕೊಡಲಿಲ್ಲ. ಎಲ್ಲರಿಗೂ ನೇಮಕ ಪತ್ರ ಕೊಡಬೇಕು. ಕೆಲಸ ಬಿಟ್ಟವರ ಸಂಬಳ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ್ದು ಸಂಬಳವೆಂದೇ ಲೆಕ್ಕ. ಬೇಸಿಕ್ (ಮೂಲ ವೇತನ) ಕಡಿಮೆ ತೋರಿಸಿ ಪಿಎಫ್ ಉಳಿಸುತ್ತಿದ್ದವರಿಗೆ ಇದು ಕಷ್ಟವಾಗಿದೆ. ಅಡ್ವಾನ್ಸ್ ಪುಸ್ತಕ, ಎರಡು ಪುಟದ ನಿಯಮ ಮೊದಲೇ ಇದ್ದವರಿಗೆ ನೇಮಕ ಪತ್ರ ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು.

ಇನ್ನೂ ನನ್ನ ಕೈಗೆ ಬರದ ಕೆಲಸ ಒಂದಿದೆ. ಬಳ್ಳಾರಿಯ ಜೀನ್ಸ್ ಪೂರ್ತಿ ಯೂನಿಟ್‌ಗಳಲ್ಲೇ ಹೊಲಿಯುವುದಲ್ಲ. ಕತ್ತರಿಸಿದ ಬಟ್ಟೆ ಗಂಟು ಕಟ್ಟಿಕೊಂಡು ಮನೆಗಳಿಗೆ ಹೋಗುತ್ತದೆ, ಪೀಸಿಗೆ ಇಷ್ಟು ಅಂತ. ಗಂಡ ಹೊಲಿದರೆ ಹೆಂಡತಿ ದಾರ ತೆಗೆಯುತ್ತಾಳೆ. ಅವರು ಯಾವ ಗೇಟನ್ನೂ ದಾಟುವುದಿಲ್ಲ, ಹಾಗಾಗಿ ಗೇಟಿನಲ್ಲಿ ನಿಂತು ಎಣಿಸುವ ನನ್ನ ಉಪಾಯ ಅಲ್ಲಿ ನಡೆಯುವುದಿಲ್ಲ. ಮಾಲೀಕರನ್ನು ಕೇಳಿದರೆ ಬಟ್ಟೆ ಒಯ್ಯುವ ಆಟೋದವನ ನಂಬರ್ ಕೊಡುತ್ತಾರೆ. ಕಳೆದ ತಿಂಗಳಿಂದ ಭಾನುವಾರ ಆ ಆಟೋದಲ್ಲೇ ಕೂತು ಹೋಗುತ್ತಿದ್ದೇನೆ. ಮನೆ, ಹೆಸರು, ಯಾವ ಯೂನಿಟ್‌ನ ಬಟ್ಟೆ, ಪೀಸಿಗೆ ಎಷ್ಟು ರೂಪಾಯಿ, ಅಡ್ವಾನ್ಸ್ ಎಷ್ಟು ಬಾಕಿ ಅಂತ ಬರೆದುಕೊಳ್ಳುತ್ತೇನೆ. ಇಲ್ಲಿಯವರೆಗೆ 31 ಹೆಸರಾಗಿವೆ.